ಪಿ.ಎಚ್‌ಡಿ. ಸಂದರ್ಶನ: 30 ಅಂಕ ಸಣ್ಣದೇ?

ಕನ್ನಡ, ಇತಿಹಾಸ, ಸಮಾಜಶಾಸ್ತ್ರದಂಥ ವಿಷಯಗಳಲ್ಲಿ ಎಂ.ಎ. ಮುಗಿಸಿ ಪಿ.ಎಚ್‌ಡಿ.ಗೆ ಅರ್ಜಿ ಹಾಕುವ ಯುವಕ ಯುವತಿಯರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಲಿಖಿತ ಪರೀಕ್ಷೆಗೆ ತಿಂಗಳುಗಟ್ಟಲೆ ತಯಾರಿ ನಡೆಸುವ ಇವರಲ್ಲಿ ಅನೇಕರಿಗೆ ಸಂದರ್ಶನ ಬರೀ ಔಪಚಾರಿಕತೆ. ಆದರೆ ಸೀಟು ಯಾರಿಗೆಂಬುದು ಹಲವು ಬಾರಿ ತೀರ್ಮಾನವಾಗುವುದು ಅಲ್ಲಿಯೇ.

ಯುಜಿಸಿಯ 2016ರ ನಿಯಮಾವಳಿ ಪ್ರವೇಶ ಪರೀಕ್ಷೆಯನ್ನು ಅರ್ಹತೆಗೆ ಮಾತ್ರ ಸೀಮಿತಗೊಳಿಸಿತು. ಅದರಂತೆ 2017ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿ.ವಿ.ಯಲ್ಲಿ ಆಯ್ಕೆ ಪೂರ್ತಿಯಾಗಿ ಸಂದರ್ಶನದ ಮೇಲೆ ನಿಂತಿತು. ವಿಪರ್ಯಾಸವೆಂದರೆ, ಸಂದರ್ಶನದ ಅಂಕಗಳಲ್ಲಿ ತಾರತಮ್ಯ ಕಾಣುತ್ತಿದೆ, 30 ಅಂಕವನ್ನು 15ಕ್ಕೆ ಇಳಿಸಿ ಎಂದು ಅದೇ ವಿ.ವಿ.ಯ ಅಬ್ದುಲ್ ನಾಫೆ ಸಮಿತಿ 2016ರಲ್ಲೇ ಶಿಫಾರಸು ಮಾಡಿತ್ತು. 2018ರಲ್ಲಿ ಯುಜಿಸಿ ಪರೀಕ್ಷೆಗೆ 70, ಸಂದರ್ಶನಕ್ಕೆ 30 ಎಂದು ತಿದ್ದಿತು. 2022ರ ನಿಯಮಾವಳಿಯೂ ಅದನ್ನೇ ಉಳಿಸಿಕೊಂಡಿತು. 2024ರ ಜೂನ್‌ನಿಂದ ನೆಟ್ ಅಂಕಗಳನ್ನೇ ಪ್ರವೇಶಕ್ಕೆ ಬಳಸುವ ವ್ಯವಸ್ಥೆ ಬಂದಿದೆ. ಜೆ.ಆರ್.ಎಫ್. ಪಡೆದವರಿಗೆ ಸಂದರ್ಶನವೊಂದೇ ಆಧಾರ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನೆಟ್ ಪರೀಕ್ಷೆ 300 ಅಂಕಗಳದ್ದು. ಅದರಲ್ಲಿ 10 ಅಂಕ ಹೆಚ್ಚು ತೆಗೆದವರಿಗೆ 70ಕ್ಕೆ ಇಳಿಸಿದಾಗ ಸಿಗುವ ಮುನ್ನಡೆ ಸುಮಾರು 2.3 ಅಂಕ ಮಾತ್ರ. ಸಂದರ್ಶನದಲ್ಲಿ ಒಬ್ಬರಿಗೆ 10, ಇನ್ನೊಬ್ಬರಿಗೆ 22 ಕೊಟ್ಟರೆ ಆ ಮುನ್ನಡೆ ಎಲ್ಲಿ ಉಳಿಯಿತು?

ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಪ್ರವೇಶದ ಕುರಿತ ಅಜಯ್ ಹಾಸಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲೇ, ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಸಲ್ಲದು ಎಂದಿತ್ತು. ಸಂದರ್ಶನವನ್ನು ಟೇಪ್‌ನಲ್ಲಿ ಮುದ್ರಿಸಿಕೊಳ್ಳುವುದು ಒಳ್ಳೆಯದು ಎಂದೂ ಸೂಚಿಸಿತ್ತು. ಅಂದಿಗೆ ಅದು ದುಬಾರಿ ಕೆಲಸ. ಇಂದು ಜೇಬಿನಲ್ಲಿರುವ ಮೊಬೈಲ್ ಸಾಕು.

ಹಾಗೆಂದು ಸಂದರ್ಶನವೇ ಬೇಡ ಎನ್ನಲಾಗದು. ನೆಟ್ ಪೂರ್ತಿ ಬಹು ಆಯ್ಕೆಯ ಪ್ರಶ್ನೆಗಳದ್ದು. ಒಂದು ಶಾಸನವನ್ನೋ ಕಾದಂಬರಿಯನ್ನೋ ಓದಿ ಹೊಸ ಪ್ರಶ್ನೆ ಎತ್ತುವ ಶಕ್ತಿ ಅಲ್ಲಿ ತಿಳಿಯುವುದಿಲ್ಲ, ಎದುರು ಕೂತು ಮಾತನಾಡಿದರೆ ತಿಳಿಯುತ್ತದೆ. ತೊಂದರೆ ಇರುವುದು ಸಮಿತಿ ಏನನ್ನು ಅಳೆಯುತ್ತದೆ ಎಂಬಲ್ಲಿ. ನಿಯಮ ಹೇಳುವುದು ಮೂರನ್ನು: ಅಭ್ಯರ್ಥಿಗೆ ಆ ಸಂಶೋಧನೆಯ ಸಾಮರ್ಥ್ಯವಿದೆಯೇ, ಅದು ಆ ಸಂಸ್ಥೆಯಲ್ಲಿ ಸಾಧ್ಯವೇ, ಅದರಿಂದ ಹೊಸ ಜ್ಞಾನ ಬರುವುದೇ. ನಿರರ್ಗಳ ಇಂಗ್ಲಿಷ್ ಈ ಪಟ್ಟಿಯಲ್ಲಿಲ್ಲ. ಆದರೂ ಕನ್ನಡ ಮಾಧ್ಯಮದಲ್ಲಿ ಕಲಿತವರು ದೊಡ್ಡ ಊರಿನ ವಿ.ವಿ.ಗಳಲ್ಲಿ ತಡವರಿಸುವುದು ಅಲ್ಲಿಯೇ. ತಮ್ಮ ಪ್ರಸ್ತಾವವನ್ನು ಐದು ನಿಮಿಷದಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲು ಊರಿನ ನಿವೃತ್ತ ಉಪನ್ಯಾಸಕರ ನೆರವು ಪಡೆಯಬಹುದು.

ಇನ್ನೊಂದು ಮಾತು. ಪ್ರೊಫೆಸರ್‌ಗೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ಸಂಶೋಧಕರು ಎಂಬ ಮಿತಿ ಇದೆ. ನಿಮ್ಮ ವಿಷಯದ ಮಾರ್ಗದರ್ಶಕರಲ್ಲಿ ಜಾಗ ಖಾಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿ ಉತ್ತರಿಸಿದರೂ ಫಲವಿಲ್ಲ. ಮಾರ್ಗದರ್ಶಕರ ಮತ್ತು ಅವರ ಸಂಶೋಧಕರ ಪಟ್ಟಿಯನ್ನು ಸಂಸ್ಥೆಗಳು ವೆಬ್‌ಸೈಟಿನಲ್ಲಿ ಹಾಕಬೇಕೆಂಬ ನಿಯಮವಿದೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಆ ಹೆಸರುಗಳನ್ನು ಒಮ್ಮೆ ಎಣಿಸಿ ನೋಡಿ.