‘ಇತ್ತ ನೋಡಿ’ ಎಂಬ ಒಲವಿನ ನುಡಿ

ಕೊರಿಯಾ ದೇಶದ ದಂಪತಿಗಳು ಒಬ್ಬರನ್ನೊಬ್ಬರು ‘ಯೊಬೊ’ ಎಂದು ಕರೆಯುವುದುಂಟು. ‘ಇತ್ತ ನೋಡಿ’ ಎಂಬ ನುಡಿಯೇ ಸವೆದು ಹೀಗಾಯಿತೆಂದು ಸಾಮಾನ್ಯವಾಗಿ ಹೇಳುವರು. ಇದನ್ನು ಕೇಳಿ ನಗುವವರನ್ನು ನಾವು ಕಂಡಿದ್ದೇವೆ. ಮಡದಿಯನ್ನು ‘ಪ್ರಿಯೆ’ ಎನ್ನದ ಜನಕ್ಕೆ ಒಲವಿನ ಮಾತೇ ಇಲ್ಲವೆಂಬುದು ಅವರ ತೀರ್ಪು. ಇಂಥ ಭಾಷೆಗಳಿಗೆಲ್ಲ ಇಂಗ್ಲಿಷಿನಿಂದ ಸಾಲ ತರದೆ ಗತಿಯಿಲ್ಲವೆಂಬುದು ಅದರ ಬಾಲಂಗೋಚಿ. ಈ ತೀರ್ಪನ್ನು ನಾವು ಒಪ್ಪಲಾರೆವು. ‘ರೀ’ ಎಂಬ ಒಂದೇ ಅಕ್ಷರದಲ್ಲಿ ಇಡೀ ಸಂಸಾರವನ್ನು ಅಡಗಿಸಿಟ್ಟ ತಾಯಂದಿರ ಮಕ್ಕಳು ಒಪ್ಪುವುದಾದರೂ ಹೇಗೆ?

ಮಾತಿಲ್ಲವೆಂಬುದೇ ಸುಳ್ಳು. ಪ್ರೀತಿಗೆ ಕೊರಿಯನರ ನಿತ್ಯದ ಪದ ‘ಸರಾಂಗ್’. ಹದಿನೈದನೆಯ ಶತಮಾನದ ಗ್ರಂಥಗಳಲ್ಲಿ ಅದಕ್ಕೆ ‘ಯೋಚಿಸುವುದು’ ಎಂಬ ಅರ್ಥವೂ ಇತ್ತು. ನೆನೆಯುವುದೂ ಪ್ರೀತಿಸುವುದೂ ಒಂದೇ ಪದದಲ್ಲಿ ಕೂಡಿ ಬಾಳಿದ ಭಾಷೆಯನ್ನು ಬಡವೆನ್ನುವವರ ಧೈರ್ಯ ದೊಡ್ಡದು!

ಅದಕ್ಕೂ ಮಿಗಿಲಾದ ಮಾತು ‘ಜೊಂಗ್’. ಮೂಲ ಚೀನೀ ಪದ. ಬಾಳಿದ್ದು ಕೊರಿಯಾದ ಮನೆಮನೆಯಲ್ಲಿ. ಸರಾಂಗ್ ನಾವು ಮಾಡುವಂಥದು. ಜೊಂಗ್ ಹಾಗಲ್ಲ, ಬಟ್ಟೆಗೆ ಬಣ್ಣ ಹಿಡಿದಂತೆ ತಾನಾಗಿ ಹಿಡಿಯುವಂಥದು. ಮನಸ್ಸು ಮುರಿದರೆ ‘ಜೊಂಗ್ ಕಳಚಿ ಬಿತ್ತು’ ಎನ್ನುವರು. ಗಂಡಹೆಂಡಿರ ನಡುವೆ ಮಾತ್ರವಲ್ಲ, ನೆರೆಯವರ ನಡುವೆ, ಗುರುಶಿಷ್ಯರ ನಡುವೆ, ಬಹುಕಾಲ ಬಾಳಿದ ಊರಿನ ಮೇಲೂ ಅದು ಹುಟ್ಟುತ್ತದೆ. ಅದರಲ್ಲಿ ‘ಚೆಲುವಿನ ಜೊಂಗ್’ ಒಂದಾದರೆ ‘ಮುನಿಸಿನ ಜೊಂಗ್’ ಇನ್ನೊಂದು: ವರ್ಷಗಟ್ಟಲೆ ಕಾದಾಡಿಯೂ ಬಿಡಲಾರದೆ ಉಳಿದವರ ಅಂಟು. ಇದಕ್ಕೆ ಇಂಗ್ಲಿಷಿನಲ್ಲಿ ಯಾವ ಪದ ಸಾಲ ಸಿಕ್ಕೀತು? ಅಕ್ಕರೆ, ಮಮತೆ, ಕಕ್ಕುಲಾತಿ ಮೂರಕ್ಕೂ ಒಂದೇ ಇಂಗ್ಲಿಷ್ ಪದ ಬರೆಸಿ ಸರಿಗುರುತು ಹಾಕುವ ಉಪಾಧ್ಯಾಯ ಮಿತ್ರರು ಈ ಪ್ರಶ್ನೆಯನ್ನು ಒಮ್ಮೆ ತಮಗೇ ಹಾಕಿಕೊಳ್ಳಲಿ.

ವ್ಯಾಕರಣ ಬಲ್ಲವರಿಗೆ ಇನ್ನೊಂದು ಸ್ವಾರಸ್ಯವುಂಟು. ಪ್ರಣಯಿಗಳು ಪರಸ್ಪರ ಕರೆಯುವ ‘ಜಾಗಿ’ ಎಂಬ ಮಾತಿಗೆ ಮೂಲಾರ್ಥ ‘ತಾನು’. ದಂಪತಿಗಳ ‘ದಂಗ್‌ಶಿನ್’ ಕೂಡ ಹಿರಿಯರನ್ನು ಕುರಿತ ‘ತಾವು’ ಎಂಬ ಅರ್ಥದಲ್ಲಿ ಸಲ್ಲುವ ಪದ. ‘ತಾನು’ವಿನ ಬಹುವಚನವನ್ನೇ ಎದುರಿನವರಿಗೆ ಗೌರವವಾಗಿ ಸಲ್ಲಿಸುವ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಆದರೆ ಅದೇ ‘ದಂಗ್‌ಶಿನ್’ ಬೀದಿಯಲ್ಲಿ ಅಪರಿಚಿತನ ಮೇಲೆ ಬಿದ್ದರೆ ಜಗಳಕ್ಕೆ ನಾಂದಿ. ಸವಿ ಪದದಲ್ಲಿಲ್ಲ, ಆಡುವವರ ಸಂಬಂಧದಲ್ಲಿದೆ.

ತಪ್ಪು ನಗುವವರದೊಂದೇ ಅಲ್ಲ. ಕೊರಿಯನ್ ಧಾರಾವಾಹಿಗಳನ್ನು ನೋಡಿದ ನಮ್ಮ ವಿದ್ಯಾರ್ಥಿಗಳು ‘ಒಪ್ಪಾ’ ಎಂದರೆ ಪ್ರಿಯನೆಂದು ತಿಳಿದಿದ್ದಾರೆ. ಅದರ ಅರ್ಥ ‘ಅಣ್ಣ’ ಎಂದು ಕೇಳಿದ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ಇಬ್ಬರೂ ದುಡುಕಿದ್ದಾರೆ. ಹೆಣ್ಣುಮಗಳು ಅಣ್ಣನಿಗೂ, ತನಗಿಂತ ಹಿರಿಯನಾದ ಆಪ್ತನಿಗೂ ಸಲ್ಲಿಸುವ ಸಂಬೋಧನೆ ಅದು. ತಮ್ಮನ ಬಾಯಲ್ಲಿ ಅದೇ ಅಣ್ಣ ‘ಹ್ಯಂಗ್’ ಆಗುತ್ತಾನೆ. ಕಿವಿ ಮುಚ್ಚಿಕೊಂಡವರು ಇದನ್ನೂ ತಿಳಿಯಬೇಕು: ಒಂದೇ ಕುಲನಾಮ, ಒಂದೇ ಮೂಲಸ್ಥಾನದವರ ವಿವಾಹಕ್ಕೆ ದಕ್ಷಿಣ ಕೊರಿಯಾದಲ್ಲಿ ಕಾನೂನಿನ ನಿಷೇಧವಿತ್ತು; ಅದು ಸಂವಿಧಾನಕ್ಕೆ ಹೊಂದದೆಂದು ಅಲ್ಲಿಯ ಸಂವಿಧಾನ ನ್ಯಾಯಾಲಯ ಹೇಳಿದ್ದು 1997ರಲ್ಲಿ. ದೂರದ ಸಗೋತ್ರವನ್ನೂ ವರ್ಜಿಸಿದ ಜನ ಪ್ರಿಯನನ್ನು ‘ಒಪ್ಪಾ’ ಎಂದರೆ ಅಲ್ಲಿ ರಕ್ತದ ಮಾತಿಲ್ಲ, ವಯಸ್ಸು ಸಲುಗೆಗಳ ಮಾತಿದೆ. ನಮ್ಮ ಹಳ್ಳಿಯ ಹೆಣ್ಣು ‘ಅಣ್ಣ’ ಎನ್ನದೆ ‘ಬಾವ’, ‘ಮಾವ’ ಎನ್ನುವುದು ನಮ್ಮ ಮದುವೆಯ ಕಟ್ಟಳೆಗೆ ತಕ್ಕುದು, ಅವರದು ಅವರಿಗೆ.

2021ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಒಪ್ಪಾ’ ಪದವನ್ನು ಸೇರಿಸಿಕೊಂಡು, ಸುಂದರನಾದ ಕೊರಿಯನ್ ನಟ ಅಥವಾ ಗಾಯಕನೆಂಬ ಅರ್ಥವನ್ನೂ ಕೊಟ್ಟಿತು. ಸಾಲ ಕೊಡಬೇಕಾದ ಇಂಗ್ಲಿಷೇ ಸಾಲಕ್ಕೆ ಬಂದದ್ದು ಹೀಗೆ. ಅತ್ತ ಸೋಲ್ ನಗರದಲ್ಲಿ ತಂಗಿ ಒಡಹುಟ್ಟಿದವನನ್ನು ಊಟಕ್ಕೆ ಕೂಗುವುದು ಈಗಲೂ ಅದೇ ಮಾತಿನಿಂದ.