ಮರಳಿ ಕಂಡ ಮಗಳು

ಹೋದ ತಿಂಗಳ ಸಂಚಿಕೆಯಲ್ಲಿ ಕಣ್ವಮಹರ್ಷಿಯು ಶಕುಂತಲೆಯನ್ನು ಗಂಡನ ಮನೆಗೆ ಕಳುಹಿಸಿದ ಸಂದರ್ಭವನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಸೋದರಿಯೊಬ್ಬರು ಕಾಗದ ಬರೆದು ಒಂದು ಪ್ರಶ್ನೆಯನ್ನು ಕೇಳಿರುವರು: "ಮಗಳನ್ನು ಕಳುಹಿಸಿದ ತಂದೆಯ ಕಥೆಯನ್ನು ಹೇಳಿದಿರಿ. ಮಗಳನ್ನು ಮರಳಿ ಕಂಡ ತಂದೆಯ ಕಥೆ ಯಾವುದು?" ಪ್ರಶ್ನೆಯು ಯುಕ್ತವಾದುದೇ ಸರಿ. ಕಾಳಿದಾಸನ ನಾಟಕದ ನಾಲ್ಕನೆಯ ಅಂಕದಲ್ಲಿ ಆಶ್ರಮವನ್ನು ಬಿಟ್ಟು ಹೊರಟ ಶಕುಂತಲೆಯು ಮತ್ತೆ ಕಣ್ವನ ಕಣ್ಣಿಗೆ ಬೀಳುವುದಿಲ್ಲ. ಏಳನೆಯ ಅಂಕದಲ್ಲಿ ಎಲ್ಲವೂ ಸರಿಹೋದ ಮೇಲೆ ಮಾರೀಚನು ಶಿಷ್ಯನೊಬ್ಬನ ಮೂಲಕ ಕಣ್ವನಿಗೆ ಸಮಾಚಾರವನ್ನು ಕಳುಹಿಸುವನು. ತಂದೆಯ ಪಾಲಿಗೆ ಬಂದುದು ಸಮಾಚಾರ, ಮಗಳಲ್ಲ.

ಆ ಸೋದರಿಯ ಪ್ರಶ್ನೆಗೆ ಉತ್ತರವನ್ನು ನಾನು ಈ ಸಲ ದೂರದಿಂದ ತಂದಿರುವೆನು. ಇಟಲಿ ದೇಶಕ್ಕೆ ಸೇರಿದ ಸಿಸಿಲಿ ದ್ವೀಪದಲ್ಲಿ ಈ ಚೈತ್ರದಲ್ಲಿ ಮೂರು ವಾರವಿದ್ದು ಬಂದೆನು. ನನ್ನ ಒಬ್ಬಳೇ ಮಗಳು ಆರು ವರ್ಷಗಳಿಂದ ಅಲ್ಲಿಯ ಕಟಾನಿಯಾ ನಗರದಲ್ಲಿದ್ದುಕೊಂಡು ಎಟ್ನಾ ಎಂಬ ಜ್ವಾಲಾಮುಖಿಯನ್ನು ಅಭ್ಯಾಸಮಾಡುತ್ತಿರುವಳು. ಮೂರು ವರ್ಷಗಳಿಂದ ಅವಳನ್ನು ನಾವು ಕಣ್ಣಾರೆ ಕಂಡಿರಲಿಲ್ಲ. ನನ್ನ ಗೃಹಿಣಿಯು ತೊಂಬತ್ತು ವರ್ಷದ ತನ್ನ ತಾಯಿಯನ್ನು ಬಿಟ್ಟು ಬರಲಾರದೆ ಮನೆಯಲ್ಲಿಯೇ ಉಳಿದಳು. ಹೊರಡುವಾಗ, "ಯಾವಾಗ ಬಂದುಬಿಡುತ್ತಾಳೆ, ಕೇಳಿಕೊಂಡು ಬನ್ನಿ" ಎಂಬ ಒಂದೇ ಮಾತನ್ನು ನನಗೆ ವಹಿಸಿಕೊಟ್ಟಳು.

ಸಿಸಿಲಿಯು ಮಧ್ಯಧರಾ ಸಮುದ್ರದ ದ್ವೀಪಗಳಲ್ಲೆಲ್ಲ ದೊಡ್ಡದು. ವಿಸ್ತಾರವು ಸುಮಾರು 25,700 ಚದರ ಕಿಲೋಮೀಟರು. ಮೂರು ಮೂಲೆಯುಳ್ಳದ್ದಾದುದರಿಂದ ಪ್ರಾಚೀನರು ಇದನ್ನು ತ್ರಿನಾಕ್ರಿಯಾ ಎಂದು ಕರೆಯುತ್ತಿದ್ದರು. ರೋಮ್ ನಗರದಿಂದ ರೈಲಿನಲ್ಲಿ ಹೋಗುವವರು ಇಟಲಿಯ ತುದಿಯಲ್ಲಿ ಒಂದು ವಿನೋದವನ್ನು ಕಾಣುವರು. ಅಲ್ಲಿ ರೈಲನ್ನೇ ತುಂಡುತುಂಡಾಗಿ ಬಿಡಿಸಿ ಹಡಗಿನ ಹೊಟ್ಟೆಯೊಳಕ್ಕೆ ತಳ್ಳುತ್ತಾರೆ. ಬಂಡಿಯಿಂದಿಳಿದು ಹಡಗಿನ ಮೇಲಟ್ಟವನ್ನು ಹತ್ತಿ ನಿಂತರೆ ಎದುರಿಗೆ ಮೆಸ್ಸೀನಾ ಪಟ್ಟಣವು ಕಾಣುತ್ತದೆ. 1908ನೆಯ ಡಿಸೆಂಬರ್ 28ರ ಬೆಳಗಿನ ಜಾವ ಭೂಕಂಪದಿಂದ ನೆಲಸಮವಾಗಿ ಮತ್ತೆ ಕಟ್ಟಲ್ಪಟ್ಟ ಊರದು. ಅಲ್ಲಿಂದ ಕಡಲ ಅಂಚಿನಲ್ಲಿ ದಕ್ಷಿಣಕ್ಕೆ ಸಾಗಿದರೆ ಕಟಾನಿಯಾ.

ನಿಲ್ದಾಣದಲ್ಲಿ ಮಗಳು ಕಾದಿದ್ದಳು. ಮೂವತ್ತನಾಲ್ಕು ವರ್ಷದ ಹೆಂಗಸು. ಕಿವಿಯ ಹತ್ತಿರ ಒಂದೆರಡು ಬಿಳಿಯ ಕೂದಲು. ನಾನು ಕೈಪೆಟ್ಟಿಗೆಯನ್ನು ಎತ್ತಿಕೊಳ್ಳುವುದಕ್ಕೆ ಮುಂಚೆಯೇ ಅವಳು ಎತ್ತಿಕೊಂಡಳು. ಬೀದಿಯನ್ನು ದಾಟುವಾಗ, "ಅಪ್ಪಾ, ಕೈ ಹಿಡಿದುಕೊಳ್ಳಿ, ಇಲ್ಲಿ ಬಂಡಿಗಳು ಬಲಗಡೆಯಲ್ಲಿ ಓಡುತ್ತವೆ" ಎಂದಳು. ಒಂದಾನೊಂದು ಕಾಲದಲ್ಲಿ ಈ ಮಾತನ್ನು ಹೇಳುತ್ತಿದ್ದವನು ನಾನು.

ಕಟಾನಿಯಾ ಕಪ್ಪು ಕಲ್ಲಿನ ಊರು. 1669ರಲ್ಲಿ ಎಟ್ನಾ ಪರ್ವತದ ಬೆಂಕಿಯ ಪ್ರವಾಹವು ನಗರದವರೆಗೂ ಹರಿದು ಬಂದಿತು. 1693ರಲ್ಲಿ ಭೂಕಂಪವು ಉಳಿದುದನ್ನು ಕೆಡವಿತು. ಜನರು ಊರನ್ನು ಬಿಟ್ಟುಹೋಗಲಿಲ್ಲ. ಪರ್ವತವು ಉಗುಳಿದ ಕಲ್ಲನ್ನೇ ಕಡಿದು ಬೀದಿಗೆ ಹಾಸಿದರು, ಮನೆಗಳನ್ನು ಕಟ್ಟಿದರು. ನಡುಚೌಕದಲ್ಲಿ ಅದೇ ಕಲ್ಲಿನ ಆನೆಯೊಂದು ಬೆನ್ನಿನ ಮೇಲೆ ಕಂಬವನ್ನು ಹೊತ್ತು ನಿಂತಿದೆ. ಮಗಳು ಕೆಲಸಮಾಡುವ ಕಡೆ ಬೆಟ್ಟದ ಕಂಪನವನ್ನು ಹಗಲಿರುಳು ಅಳೆಯುವ ಯಂತ್ರಗಳಿವೆ. ಅವುಗಳ ಮುಂದೆ ಸರದಿಯ ಮೇಲೆ ಕುಳಿತು ನೋಡಿಕೊಳ್ಳುವವರಲ್ಲಿ ಇವಳೊಬ್ಬಳು. ಅವಳ ನೆರೆಯ ಮುದುಕಿಯು ದಿನವೂ ಬೆಳಗ್ಗೆ ಕಿಟಕಿಯಿಂದ ಏನನ್ನೋ ಕೇಳುವಳು. ಇವಳು ಏನನ್ನೋ ಹೇಳುವಳು. ಮುದುಕಿ ಸಮಾಧಾನದಿಂದ ಒಳಕ್ಕೆ ಹೋಗುವಳು. "ಬೆಟ್ಟ ಹೇಗಿದೆ ಎಂದು ಕೇಳುತ್ತಾರೆ, ಅಪ್ಪಾ" ಎಂದು ಮಗಳು ಅರ್ಥ ಹೇಳಿದಳು.

ಒಂದು ದಿನ ಸಿರಾಕ್ಯೂಸ್ ಪಟ್ಟಣಕ್ಕೆ ಹೋದೆವು. ಕ್ರಿಸ್ತಪೂರ್ವ 212ರಲ್ಲಿ ರೋಮನರ ಸೈನ್ಯವು ಊರನ್ನು ಹಿಡಿದಾಗ ಗಣಿತಜ್ಞನಾದ ಆರ್ಕಿಮಿಡೀಸನು ಹತನಾದದ್ದು ಇಲ್ಲಿಯೇ. ಇಲ್ಲಿಯ ದೊಡ್ಡ ಇಗರ್ಜಿಯನ್ನು ನೋಡತಕ್ಕದ್ದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಅದು ಗ್ರೀಕರ ಅಥೀನಾ ದೇವಿಯ ಗುಡಿಯಾಗಿದ್ದಿತು. ಮುಂದೆ ಕ್ರೈಸ್ತರು ಕಂಬಗಳ ನಡುವೆ ಗೋಡೆಯನ್ನು ಎಬ್ಬಿಸಿ ತಮ್ಮ ದೇವಾಲಯವನ್ನಾಗಿ ಮಾಡಿಕೊಂಡರು. ಇಂದಿಗೂ ಗೋಡೆಯ ಮಧ್ಯದಲ್ಲಿ ಆ ಹಳೆಯ ಕಂಬಗಳು ಎದ್ದು ಕಾಣುತ್ತವೆ. ಮಾಡಿನ ಭಾರವನ್ನು ಹೊತ್ತಿರುವುದರಲ್ಲಿ ಅವುಗಳ ಪಾಲೂ ಉಂಟು. ಆ ದಿನ ರಾತ್ರಿ ಮಗಳು ಬಡಿಸಿದ ಸಾರು ಅವಳ ಅಜ್ಜಿಯ ಕೈಯ ಸಾರಿನಂತೆಯೇ ಇದ್ದಿತು. ಪಕ್ಕದಲ್ಲಿ ಆ ಊರಿನ ರೊಟ್ಟಿ, ಆಲಿವ್ ಎಣ್ಣೆ. ಗೋಡೆಯು ಹೊಸದಾದರೂ ಕಂಬವು ಹಳೆಯದೇ ಎಂದುಕೊಂಡು ಊಟಮಾಡಿದೆನು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಸಿಸಿಲಿಯು ಗೋದಿಯ ನಾಡು. ಪ್ರಾಚೀನ ರೋಮಿಗೆ ಕಣಜವಾಗಿದ್ದ ದ್ವೀಪ. ಆದುದರಿಂದ ಧಾನ್ಯದ ಅಧಿದೇವತೆಗೆ ಇಲ್ಲಿ ವಿಶೇಷವಾದ ಪೂಜೆ ನಡೆಯುತ್ತಿದ್ದಿತು. ಆಕೆಯನ್ನು ಗ್ರೀಕರು ಡಿಮೀಟರ್ ಎಂದೂ ರೋಮನರು ಸಿರೀಸ್ ಎಂದೂ ಕರೆದರು. ಆಕೆಯ ಮಗಳು ಪರ್ಸಿಫೊನಿಯು ಹೂವನ್ನು ಕೊಯ್ಯುತ್ತಿರುವಾಗ ಭೂಮಿಯು ಬಿರಿದು, ಪಾತಾಳದ ದೊರೆಯಾದ ಹೇಡೀಸನು ರಥದಲ್ಲಿ ಬಂದು ಅವಳನ್ನು ಕೆಳಕ್ಕೆ ಒಯ್ದನು. ತಾಯಿಯು ಪಂಜನ್ನು ಹಿಡಿದು ಲೋಕವನ್ನೆಲ್ಲ ಹುಡುಕಿದಳು. ಆಕೆಯ ಶೋಕದಿಂದ ಬಿತ್ತಿದ ಬೀಜವು ಮೊಳೆಯದೆ ಹೋಯಿತು. ಕಡೆಗೆ ದೇವತೆಗಳು ಹೆದರಿ ಮಗಳನ್ನು ಬಿಡಿಸಲೊಪ್ಪಿದರು. ಆದರೆ ಅಷ್ಟರಲ್ಲಿ ಅವಳು ಪಾತಾಳದಲ್ಲಿ ದಾಳಿಂಬೆಯ ಬೀಜವನ್ನು ತಿಂದಿದ್ದಳು. ಉಂಡ ಮನೆಯ ಋಣವೆಂಬುದು ಯಾವ ದೇಶದಲ್ಲಿಯೂ ತಪ್ಪಿದುದಲ್ಲ. ಆದುದರಿಂದ ವರುಷವನ್ನು ಪಾಲುಮಾಡಬೇಕಾಯಿತು. ಈ ಪಾಲಿನಲ್ಲಿ ಪಾಠಭೇದವುಂಟು. ಹೋಮರನ ಹೆಸರಿನಲ್ಲಿರುವ ಗ್ರೀಕ್ ಸ್ತೋತ್ರದ ಪ್ರಕಾರ ಮೂರರಲ್ಲೊಂದು ಪಾಲು ಪಾತಾಳಕ್ಕೆ, ಮಿಕ್ಕ ಎರಡು ಪಾಲು ತಾಯಿಗೆ. ರೋಮನ್ ಕವಿ ಓವಿಡನ ಪ್ರಕಾರ ಆರಾರು ತಿಂಗಳು. ಕಥೆಯನ್ನು ಸಿಸಿಲಿಯ ಪರ್ಗೂಸಾ ಎಂಬ ಕೆರೆಯ ದಡದಲ್ಲಿ ನಡೆಯಿಸುವವನೂ ಓವಿಡನೇ.

ನಮ್ಮ ಸೀತೆಯೂ ಭೂಮಿಯೊಳಕ್ಕೆ ಹೋದವಳು. ಆದರೆ ಸೀತೆಗೆ ಕೆಳಗಿದ್ದುದು ತವರು, ಮೇಲಿದ್ದುದು ಗಂಡನ ಮನೆ. ಪರ್ಸಿಫೊನಿಗೆ ಇದು ತಿರುವುಮುರುವು. ಸೀತೆ ಮರಳಿ ಬರಲಿಲ್ಲ. ಇವಳು ಪ್ರತಿವರ್ಷವೂ ಬರುತ್ತಾಳೆ. ನಮ್ಮ ಬಯಲುಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿ ಹೂಳಿಟ್ಟು ಬೇಕಾದಾಗ ತೆಗೆಯುತ್ತಿದ್ದುದನ್ನು ಕಂಡವರಿಗೆ ಈ ಕಥೆಗೆ ವ್ಯಾಖ್ಯಾನವು ಬೇಕಾಗಿಲ್ಲ. ನೆಲದ ಕೆಳಗೆ ಹೋದ ಧಾನ್ಯವು ನಷ್ಟವಾದ ಧಾನ್ಯವಲ್ಲ.

ಪರ್ಗೂಸಾ ಕೆರೆಗೆ ಹೋಗುವ ದಾರಿಯಲ್ಲಿ ಐಡೋನೆ ಎಂಬ ಸಣ್ಣ ಊರಿನಲ್ಲಿ ಇಳಿದೆವು. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಆಳೆತ್ತರಕ್ಕಿಂತಲೂ ದೊಡ್ಡದಾದ ಒಂದು ದೇವೀವಿಗ್ರಹವಿದೆ. ಹತ್ತಿರದ ಮಾರ್ಗಂಟೀನಾ ಎಂಬ ಹಾಳೂರಿನಿಂದ ಕಳವಾಗಿ ಹೋದುದೆಂದು ತಿಳಿದುಬಂದ ವಿಗ್ರಹವಿದು. 1988ರಲ್ಲಿ ಇದನ್ನು ಕೊಂಡಿದ್ದ ಕ್ಯಾಲಿಫೋರ್ನಿಯಾದ ಗೆಟ್ಟಿ ವಸ್ತುಸಂಗ್ರಹಾಲಯವು 2011ರಲ್ಲಿ ಹಿಂದಿರುಗಿಸಿತು. ದೇವಿಯು ತಾಯಿಯೋ ಮಗಳೋ ಅಥವಾ ಬೇರೊಬ್ಬಳೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಐಕಮತ್ಯವಿಲ್ಲ. ಅದೇ ಕಟ್ಟಡದಲ್ಲಿ ಹೇಡೀಸನ ಸುಟ್ಟಮಣ್ಣಿನ ತಲೆಯೂ ಇದೆ; ಗಡ್ಡವು ನೀಲಿ. ಅದರಿಂದ ಉದುರಿದ ಗುಂಗುರುಗಳು ಮಾರ್ಗಂಟೀನಾದ ನೆಲದಲ್ಲಿ ಸಿಕ್ಕಿ, ತಲೆಗೆ ಸರಿಯಾಗಿ ಹೊಂದಿಕೊಂಡುದರಿಂದ ಅದರ ತವರು ತಿಳಿಯಿತು. 2016ರಲ್ಲಿ ಅದೂ ಮರಳಿತು. ಕದ್ದೊಯ್ದವನನ್ನೂ ಒಂದು ಸಲ ಕದ್ದೊಯ್ದರು, ಎಂದು ಮಗಳು ನಕ್ಕಳು.

ಪರ್ಗೂಸಾ ಕೆರೆಯು ಎನ್ನಾ ಎಂಬ ಬೆಟ್ಟದೂರಿನ ಕೆಳಗಿದೆ. ಎನ್ನಾ ಸುಮಾರು 930 ಮೀಟರು ಎತ್ತರದಲ್ಲಿದೆ. ಹಳಗನ್ನಡವನ್ನು ಬಲ್ಲವರಿಗೆ ಆ ಹೆಸರು 'ನನ್ನ' ಎಂದು ಕೇಳಿಸುತ್ತದೆ. ಕೆರೆಯ ಸುತ್ತ ಈಗ ಮೋಟಾರುಗಳ ಪಂದ್ಯದ ದಾರಿಯನ್ನು ಮಾಡಿದ್ದಾರೆ. ಸುತ್ತಳತೆ ಐದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಪಾತಾಳದ ರಥವು ಬಂದ ಕಡೆಯಲ್ಲಿ ಇನ್ನೂ ರಥಗಳೇ ಓಡುತ್ತಿವೆ! 2024ರ ಬರಗಾಲದಲ್ಲಿ ಕೆರೆಯು ಬಹುಮಟ್ಟಿಗೆ ಬತ್ತಿಹೋಗಿದ್ದಿತು. ನಾವು ಹೋದಾಗ ನೀರಿದ್ದಿತು. ಸುತ್ತಲೂ ಗೋದಿಯ ಹಸುರು.

ಅಲ್ಲಿ ಕುಳಿತು, "ಮಗೂ, ನಿನ್ನ ತಾಯಿ ಒಂದು ಮಾತು ಕೇಳಿಬರಲು ಹೇಳಿದ್ದಾಳೆ" ಎಂದೆನು.

"ಗೊತ್ತಪ್ಪಾ. ನಾನು ಇಲ್ಲಿಯೇ ಇರಬೇಕೆಂದು ನಿಶ್ಚಯಮಾಡಿದ್ದೇನೆ. ಚಳಿಗಾಲದಲ್ಲಿ ಈಗಿರುವ ಮನೆಯನ್ನು ಕೊಂಡುಕೊಂಡೆ. ಕಾಗದದಲ್ಲಿ ಬರೆಯುವುದಕ್ಕೆ ಧೈರ್ಯವಾಗಲಿಲ್ಲ; ನೀವು ಬರಲಿ ಎಂದು ಕಾದೆ. ಆ ಮುದುಕಿ ಬೆಳಗ್ಗೆ ಕಿಟಕಿ ತೆರೆದು ಕೇಳಿದಾಗ ಹೇಳುವವರು ಯಾರಾದರೂ ಇರಬೇಕಲ್ಲ?"

ಇವಳನ್ನು ಯಾರೂ ರಥದಲ್ಲಿ ಒಯ್ದಿರಲಿಲ್ಲ. ಕಣ್ವನಂತೆ ನಾನೂ ಯಾರ ಮನೆಗೂ ಕಳುಹಿಸಿರಲಿಲ್ಲ. ತಾನೇ ಹೋದಳು, ತಾನೇ ನಿಂತಳು. ಪುರಾಣದಲ್ಲಿ ಇದಕ್ಕೆ ಸರಿಯಾದ ಉಪಮಾನವಿಲ್ಲ. ಎದೆಯಲ್ಲಿ ಏನೋ ಕುಸಿದಂತಾಯಿತು. ಅದೇ ಕ್ಷಣದಲ್ಲಿ ಅವಳ ಮೇಲೆ ಗೌರವವೂ ಹುಟ್ಟಿತು. ಎರಡೂ ಒಟ್ಟಿಗೆ ಇರಬಹುದೆಂದು ಅಂದು ತಿಳಿಯಿತು.

ಅಲ್ಲಿಂದಲೇ ದೂರವಾಣಿಯಲ್ಲಿ ಮನೆಗೆ ಹೇಳಿದೆವು. ನನ್ನ ಗೃಹಿಣಿಯು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ವರುಷಕ್ಕೆ ಎಷ್ಟು ತಿಂಗಳು ಬರುತ್ತಾಳಂತೆ?" ಎಂದಳು. ಆಕೆಯು ಡಿಮೀಟರಿನ ಕಥೆಯನ್ನು ಕೇಳಿದವಳಲ್ಲ. ಮಗಳು "ಒಂದು" ಎಂದಳು. ತಾಯಿಯು "ಮೂರು" ಎಂದಳು. ಚೌಕಾಸಿಯಾಗಿ ಎರಡಕ್ಕೆ ನಿಂತಿತು. ಹಿಂದಿನಿಂದ ತೊಂಬತ್ತು ವರ್ಷದ ಅಜ್ಜಿಯು, "ದೀಪಾವಳಿಗೆ ಬರಲಿ, ಎಣ್ಣೆ ಒತ್ತುತ್ತೇನೆ" ಎಂದು ಕೂಗಿದ್ದು ಕೇಳಿಸಿತು.

ಆದುದರಿಂದ ಕಾಗದ ಬರೆದ ಸೋದರಿಗೆ ನನ್ನ ಉತ್ತರವಿದು. ಬೆಳೆದ ಮಗಳನ್ನು ಮರಳಿ ಕಾಣುವುದೆಂದರೆ ಕಳುಹಿಸಿದವಳನ್ನೇ ಮರಳಿ ಪಡೆಯುವುದಲ್ಲ. ಬೇರೊಂದು ಮನೆಯ ಒಡತಿಯನ್ನು ಕಂಡು, ಅವಳ ಕಾಲದಲ್ಲಿ ನಮ್ಮ ಪಾಲನ್ನು ಕೇಳುವುದು. ದೂರದೇಶಗಳಲ್ಲಿ ಹೆಣ್ಣುಮಕ್ಕಳಿರುವ ಮನೆಗಳು ಈಗ ನಮ್ಮಲ್ಲಿ ಎಷ್ಟೋ ಇವೆ. "ಯಾವಾಗ ಬಂದುಬಿಡುತ್ತೀಯೆ?" ಎಂದು ಕೇಳಿದರೆ ಅವರ ಬಾಯಿ ಕಟ್ಟುತ್ತದೆ. "ಎಷ್ಟು ತಿಂಗಳು ಬರುತ್ತೀಯೆ?" ಎಂದು ಕೇಳಿದರೆ ಉತ್ತರವು ದೊರೆಯುತ್ತದೆ. ದೊರೆತಷ್ಟನ್ನು ಪಂಚಾಂಗದಲ್ಲಿ ಗುರುತುಹಾಕಿಕೊಳ್ಳೋಣ; ಅವರು ಬರುವ ಹೊತ್ತಿಗೆ ಮನೆಯಲ್ಲಿ ಎಣ್ಣೆಯೂ ಬಿಸಿನೀರೂ ಸಿದ್ಧವಾಗಿರಲಿ.