ಅರಿವಳಿಕೆಯ ವಿದ್ಯೆಯೂ ಶುಶ್ರೂಷಕಿಯ ಮಾತೂ

ಶಸ್ತ್ರಚಿಕಿತ್ಸೆಯೆಂಬ ಮಾತು ಕಿವಿಗೆ ಬಿದ್ದೊಡನೆ ಜನರ ಲಕ್ಷ್ಯವು ಶಸ್ತ್ರವೈದ್ಯನ ಕತ್ತಿಯ ಕಡೆಗೆ ಹೋಗುವುದು ಸಹಜ. ಆದರೆ ಕತ್ತಿಗಿಂತ ಮೊದಲು ರೋಗಿಯ ಮೇಲೆ ಪ್ರಯೋಗವಾಗುವುದು ಅರಿವಳಿಕೆಯ ಮದ್ದು. ಪೂರ್ಣ ಅರಿವಳಿಕೆಯು ನೋವನ್ನು ಮಾತ್ರವೇ ಕಳೆಯುವುದಿಲ್ಲ. ಕೆಮ್ಮುವ, ನುಂಗುವ, ಕಡೆಗೆ ತನ್ನಷ್ಟಕ್ಕೆ ತಾನು ಉಸಿರಾಡುವ ಶಕ್ತಿಯನ್ನೂ ಕಳೆಯಬಲ್ಲುದು. ಅಷ್ಟು ಹೊತ್ತು ರೋಗಿಯು ಪರರ ಎಚ್ಚರದಿಂದಲೇ ಬದುಕಿರತಕ್ಕವನು. ಆ ಎಚ್ಚರವು ಅರಿವಳಿಕೆಯ ವೈದ್ಯರೊಬ್ಬರದೇ ಆದರೆ ಸಾಲದು. ಬಳಿಯಲ್ಲಿ ನಿಂತ ಶುಶ್ರೂಷಕಿಗೂ ಈ ವಿದ್ಯೆಯ ಮೂಲಪಾಠಗಳು ತಿಳಿದಿರಬೇಕು. ತಿಳಿದುದನ್ನು ನಿರ್ಭಯವಾಗಿ ಹೇಳುವ ಅಧಿಕಾರವೂ ಆಕೆಗಿರಬೇಕು.

ಈ ವಿದ್ಯೆಯ ಚರಿತ್ರೆಯೇ ಎಚ್ಚರದ ಚರಿತ್ರೆ. 1846ನೆಯ ಅಕ್ಟೋಬರ್ 16ರಂದು ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬಾತನು ಈಥರಿನ ಗುಣವನ್ನು ಎಲ್ಲರೆದುರಿಗೆ ತೋರಿಸಿದನು. ಮರುವರ್ಷವೇ ಎಡಿನ್‌ಬರೋದ ಸಿಂಪ್ಸನ್ನನು ಕ್ಲೋರೋಫಾರಮನ್ನು ಬಳಕೆಗೆ ತಂದನು. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹದಿನೈದು ವರ್ಷದ ಹುಡುಗಿಯೊಬ್ಬಳು, ಕೇವಲ ಕಾಲಿನ ಉಗುರನ್ನು ತೆಗೆಸಿಕೊಳ್ಳಹೋಗಿ, ಅದೇ ಮದ್ದಿನಿಂದ ಪ್ರಾಣಬಿಟ್ಟಳು. ಶಸ್ತ್ರಕ್ರಿಯೆ ಅಲ್ಪವಾದರೂ ಅರಿವಳಿಕೆ ಅಲ್ಪವಲ್ಲ ಎಂಬುದು ಅಂದಿನಿಂದ ನಿಂತ ಮಾತು. ಕಲಬುರಗಿ, ರಾಯಚೂರು, ಬೀದರಗಳು ನಿಜಾಮರ ಸೀಮೆಗೆ ಸೇರಿದ್ದ ಕಾಲದಲ್ಲಿ, 1888 ಮತ್ತು 1889ರಲ್ಲಿ, ಹೈದರಾಬಾದಿನಲ್ಲಿ ಕ್ಲೋರೋಫಾರಂ ಆಯೋಗಗಳು ಕುಳಿತವು. ಲಾರಿ ಎಂಬ ವೈದ್ಯನ ಮುಂದಾಳುತನದಲ್ಲಿ ಅವು, ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ, ಆದುದರಿಂದ ಉಸಿರನ್ನೇ ಕಾಯಿರಿ ಎಂದು ಸಾರಿದವು. ಹೃದಯವೂ ಥಟ್ಟನೆ ನಿಲ್ಲಬಹುದೆಂದು 1911ರಲ್ಲಿ ಲೆವಿಯ ಪ್ರಯೋಗಗಳು ತೋರಿಸಿದವು. ಉಸಿರು, ನಾಡಿ ಎರಡನ್ನೂ ಕಾಯಬೇಕೆಂಬುದೇ ಈ ವಿವಾದದಿಂದ ಉಳಿದ ಪಾಠ.

ಇಂಥ ಕಾವಲು ಶುಶ್ರೂಷಕಿಯರ ಶಕ್ತಿಗೆ ಮೀರಿದುದೆಂದು ಹೇಳುವವರು ಅಮೆರಿಕೆಯ ಆಲಿಸ್ ಮ್ಯಾಗಾ ಎಂಬಾಕೆಯನ್ನು ನೆನೆಯಬೇಕು. ಮೇಯೋ ಸೋದರರ ಆಸ್ಪತ್ರೆಯಲ್ಲಿದ್ದ ಈ ಶುಶ್ರೂಷಕಿಯು 14,000ಕ್ಕೂ ಮಿಕ್ಕ ಅರಿವಳಿಕೆಗಳ ವಿವರವನ್ನು 1906ರಲ್ಲಿ ಪ್ರಕಟಿಸಿದಳು. ಅರಿವಳಿಕೆಯ ಕಾರಣದಿಂದ ಒಂದು ಸಾವೂ ಅದರಲ್ಲಿ ಇರಲಿಲ್ಲ. ನಮ್ಮ ದೇಶದಲ್ಲಿ ಅರಿವಳಿಕೆಯನ್ನು ಕೊಡುವುದು ವೈದ್ಯರ ಕೆಲಸ. ಅದು ಹಾಗೆಯೇ ಇರಲಿ. ಶುಶ್ರೂಷಕಿಯು ಮದ್ದು ಕೊಡಬೇಕೆಂದು ನಾವು ಹೇಳುತ್ತಿಲ್ಲ. ಮದ್ದಿನ ನಡೆಯನ್ನು ಅರಿತಿರಬೇಕೆನ್ನುತ್ತೇವೆ.

ಆಕೆ ಅರಿಯಬೇಕಾದುದೇನು? ಘನ ಆಹಾರವನ್ನು ಬಿಟ್ಟು ಆರು ಗಂಟೆ, ತಿಳಿನೀರನ್ನು ಬಿಟ್ಟು ಎರಡು ಗಂಟೆ ಕಳೆದಿರಬೇಕೆಂಬ ನಿಯಮದ ಕಾರಣವನ್ನು ಅರಿಯಬೇಕು. ಹೊಟ್ಟೆಯಲ್ಲಿದ್ದುದು ಮೇಲೇರಿ ಶ್ವಾಸಕೋಶಕ್ಕೆ ಇಳಿದರೆ ತಡೆಯಲು ಕೆಮ್ಮಿಲ್ಲದ ಹೊತ್ತು ಅದು. ಆದುದರಿಂದ ಹೀರುವ ಯಂತ್ರವು ಓಡುತ್ತ ಕೈಗೆಟಕುವಂತಿರಬೇಕು. ಪ್ರಜ್ಞೆ ತಪ್ಪಿಸುವ ಮೊದಲು ಸುಮಾರು ಮೂರು ನಿಮಿಷ ಆಮ್ಲಜನಕವನ್ನು ಉಸಿರಾಡಿಸುವುದು ಆಪತ್ಕಾಲದ ದಾಸ್ತಾನು. ಅವಸರದಲ್ಲಿ ಅದನ್ನು ಬಿಡಬಾರದು. ಬೆರಳಿಗೆ ಹಾಕಿದ ಯಂತ್ರದ ಅಂಕಿಯು ಉಸಿರು ನಿಂತ ಕೂಡಲೆ ಇಳಿಯುವುದಿಲ್ಲ, ತಡವಾಗಿ ಇಳಿಯುತ್ತದೆ. ನಳಿಗೆಯು ಶ್ವಾಸನಾಳದಲ್ಲಿ ಕುಳಿತಿದೆಯೋ ಅನ್ನನಾಳಕ್ಕೆ ಹೋಗಿದೆಯೋ ಎಂಬುದಕ್ಕೆ ಹೊರಬರುವ ಇಂಗಾಲದ ಡೈಆಕ್ಸೈಡಿನ ಗೆರೆಯೇ ನಂಬತಕ್ಕ ಸಾಕ್ಷಿ. ಬೆನ್ನಿಗೆ ಚುಚ್ಚಿ ಕೊಡುವ ಅರಿವಳಿಕೆಯಿಂದ ರಕ್ತನಾಳಗಳು ಸಡಿಲಿ ರಕ್ತದ ಒತ್ತಡವು ಕುಸಿಯಬಹುದು. ಬಸುರಿಯಾದರೆ ಗರ್ಭದ ಭಾರವು ದೊಡ್ಡ ರಕ್ತನಾಳವನ್ನು ಒತ್ತದಂತೆ ಎಡಕ್ಕೆ ಓರೆಯಾಗಿ ಮಲಗಿಸಬೇಕು. ಪ್ರಜ್ಞೆ ಹೋಗುವಾಗಲೂ ಮರಳುವಾಗಲೂ ಆಕೆಯ ಸ್ಥಾನವು ರೋಗಿಯ ಮಗ್ಗುಲು. ಶಸ್ತ್ರಗಳ ಎಣಿಕೆಯನ್ನು ಆಗ ಬೇರೊಬ್ಬರು ಮಾಡಲಿ.

ಅರಿವು ಮಾತ್ರ ಸಾಲದೆಂಬುದಕ್ಕೆ 2005ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಂಗತಿಯು ನಿದರ್ಶನ. ಮೂಗಿನ ಸಾಧಾರಣ ಶಸ್ತ್ರಚಿಕಿತ್ಸೆಗೆ ಬಂದ ಆರೋಗ್ಯವಂತ ಗೃಹಿಣಿಗೆ ಉಸಿರಿನ ದಾರಿ ಮುಚ್ಚಿತು. ಅನುಭವಸ್ಥ ವೈದ್ಯರು ನಳಿಗೆ ತೂರಿಸುವ ಒಂದೇ ಯತ್ನದಲ್ಲಿ ಮುಳುಗಿ ಕಾಲವನ್ನು ಮರೆತರು. ಒಬ್ಬ ಶುಶ್ರೂಷಕಿಯು ಕತ್ತಿನಲ್ಲಿ ರಂಧ್ರ ಮಾಡುವ ಸಾಮಗ್ರಿಯನ್ನು ತಂದು, ಇದು ಸಿದ್ಧವಿದೆ ಎಂದಳು, ಯಾರೂ ಲಕ್ಷ್ಯಕೊಡಲಿಲ್ಲ. ಇನ್ನೊಬ್ಬಳು ತೀವ್ರನಿಗಾ ಘಟಕದಲ್ಲಿ ಹಾಸಿಗೆಯನ್ನು ಕೇಳಿ, ವೈದ್ಯರ ಮುಖಭಾವವನ್ನು ಕಂಡು ಅಳುಕಿ, ಬೇಡವೆಂದುಬಿಟ್ಟಳು. ಹದಿಮೂರು ದಿನಗಳಲ್ಲಿ ರೋಗಿ ತೀರಿಕೊಂಡಳು. ಆ ಕೋಣೆಯಲ್ಲಿ ಉಪಕರಣಕ್ಕೆ ಕೊರತೆಯಿರಲಿಲ್ಲ, ತಿಳಿದವರಿಗೂ ಕೊರತೆಯಿರಲಿಲ್ಲ. ಕಿರಿಯರ ಮಾತಿಗೆ ಬೆಲೆ ಮಾತ್ರ ಇರಲಿಲ್ಲ.

ಇದಕ್ಕೆ ಮದ್ದು ದುಬಾರಿಯದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹತ್ತೊಂಬತ್ತು ಅಂಶಗಳ ತಾಳೆಪಟ್ಟಿಯೊಂದನ್ನು ಹೊರಡಿಸಿತು. ರೋಗಿ ಯಾರು, ಯಾವ ಅಂಗ, ಯಾವ ಔಷಧ ಒಗ್ಗದು, ಉಸಿರಿನ ದಾರಿ ಕಷ್ಟವೇ, ರಕ್ತ ಹೆಚ್ಚು ಹೋದೀತೇ ಎಂಬುದನ್ನು ಅರಿವಳಿಕೆಗೆ ಮುಂಚೆಯೇ ಗಟ್ಟಿಯಾಗಿ ಕೇಳಬೇಕೆಂದು ಅದರ ವಿಧಿ. ದೆಹಲಿಯೂ ಸೇರಿದ ಎಂಟು ನಗರಗಳಲ್ಲಿ ಇದನ್ನು ಬಳಸಿ ನೋಡಿದಾಗ, ನೂರಕ್ಕೆ 1.5ರಷ್ಟಿದ್ದ ಸಾವು 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಆದರೆ ಪ್ರಶ್ನೆಗಳ ಅರ್ಥ ತಿಳಿಯದೆ ಗುರುತು ಹಾಕುತ್ತ ಹೋದರೆ ಆ ಪಟ್ಟಿಯು ಬರಿಯ ಕಾಗದವಾದೀತು.

ಅರೆವಿದ್ಯೆ ಅಪಾಯಕರ, ಶುಶ್ರೂಷಕಿಯರು ಅಧಿಕಪ್ರಸಂಗಕ್ಕೆ ಇಳಿದಾರು ಎಂದು ಕೆಲವರು ಆಕ್ಷೇಪಿಸಬಹುದು. ಬೆಂಕಿ ಬಿದ್ದಿದೆ ಎಂದು ಕೂಗುವವನು ಮನೆ ಕಟ್ಟುವ ವಿದ್ಯೆಯನ್ನು ಕಲಿತಿರಬೇಕಾಗಿಲ್ಲ. ಹೊಗೆಯನ್ನು ಮಂಜೆಂದು ಭ್ರಮಿಸದಿದ್ದರೆ ಸಾಕು. ಅಷ್ಟು ವಿವೇಕವನ್ನು ಕೊಡುವುದೇ ಶಿಕ್ಷಣದ ಕೆಲಸ.

ಆದುದರಿಂದ ಆಸ್ಪತ್ರೆಗಳ ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಮೂರು. ಶಸ್ತ್ರಚಿಕಿತ್ಸಾಗಾರಕ್ಕೆ ನೇಮಿಸುವ ಮೊದಲು ಪ್ರತಿಯೊಬ್ಬ ಶುಶ್ರೂಷಕಿಗೂ ಅರಿವಳಿಕೆಯ ಮೂಲಪಾಠವನ್ನು ಆಕೆಗೆ ತಿಳಿಯುವ ಭಾಷೆಯಲ್ಲಿ, ಕನ್ನಡ ನಾಡಿನಲ್ಲಿ ಕನ್ನಡದಲ್ಲಿಯೇ, ಕಲಿಸಿ ಪರೀಕ್ಷಿಸಲಿ. ಆಪತ್ತಿನ ಅಭ್ಯಾಸವನ್ನು ವೈದ್ಯರೂ ಶುಶ್ರೂಷಕಿಯರೂ ಕೂಡಿ, ನಿಯಮಿತವಾಗಿ ಮಾಡಲಿ. ಶುಶ್ರೂಷಕಿಯು ಎಚ್ಚರಿಸಿದ ಮಾತಿಗೆ ವೈದ್ಯರು ಆ ಕ್ಷಣದಲ್ಲಿ ಉತ್ತರ ಹೇಳಲೇಬೇಕೆಂಬ ವಿಧಿಯನ್ನು ಗೋಡೆಯ ಮೇಲೆ ಬರೆಸಲಿ. ಮೇಜಿನ ಮೇಲೆ ಮಲಗಿದವನಿಗೆ ಬಾಯಿಲ್ಲ. ಅವನ ಪರವಾಗಿ ಮಾತಾಡಬಲ್ಲವರ ಬಾಯನ್ನು ಕಟ್ಟದಿರುವುದು ಆಸ್ಪತ್ರೆಯ ಮೊದಲ ಧರ್ಮ.